ಹಗುರವಾದುದನ್ನು ಎಸೆಯುವ ಬಗೆ

ಭಾರವಾದುದನ್ನು ದೂರಕ್ಕೆ ಎಸೆಯಲು ತೋಳಿನಲ್ಲಿ ಬಲವಿದ್ದರೆ ಸಾಕು. ಹಗುರವಾದುದನ್ನು ಎಸೆಯಲು ಬಲವೊಂದೇ ಸಾಲದು. ಕೆರೆಯ ದಡದಲ್ಲಿ ನಿಂತು ಕಲ್ಲೆಸೆದ ಹುಡುಗನು ಅದೇ ಕೈಯಿಂದ ಹೊಂಗೆಯ ಒಣಕಾಯನ್ನು ಎಸೆದು ನೋಡಿದರೆ ಇದು ಕೂಡಲೆ ತಿಳಿಯುತ್ತದೆ. ಗಾಳದ ರೀಲನ್ನು ಆರಿಸುವಾಗ ಈ ಸಾಮಾನ್ಯ ಸಂಗತಿಯು ಎಷ್ಟು ಮುಖ್ಯವಾದುದೆಂಬುದು ನನಗೆ ಮನವರಿಕೆಯಾದುದು ಅಮೆರಿಕದ ಕೆಂಟಕಿ ಸಂಸ್ಥಾನದಲ್ಲಿ, ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ.

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಿಗೆ ಗಾಳದ ಗೊಡವೆ ಏಕೆಂದು ವಾಚಕರು ಕೇಳಬಹುದು. ಹದಿನಾಲ್ಕು ವರ್ಷದ ನನ್ನ ಮೊಮ್ಮಗನು ಅಲ್ಲಿಯ ಎಲ್ಕ್‌ಹಾರ್ನ್ ಎಂಬ ಹೊಳೆಯಲ್ಲಿ ಸ್ಮಾಲ್‌ಮೌತ್ ಬ್ಯಾಸ್ ಎಂಬ ಮೀನಿಗೆ ಗಾಳ ಹಾಕುತ್ತಿದ್ದನು. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿಡುವುದು, ಹಿಡಿದ ಮೀನನ್ನು ನೀರಿಗೇ ಬಿಡುವುದು ಅವನ ಪದ್ಧತಿ. ಇಷ್ಟರಿಂದಲೇ ಹಿಂಸೆಯ ಪ್ರಶ್ನೆ ತೀರಿತೆಂದು ನಾನು ಹೇಳಲಾರೆ. ಅವನಿಗೂ ಹಾಗೆಯೇ ಹೇಳಿದೆನು. "ಗೊತ್ತು, ತಾತ" ಎಂದನು. ಆದರೆ ಆ ದಿನಗಳಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಕಾಡಿದುದು ಹುಡುಗನ ಸಂಕಟ. ಸಂಜೆಯ ಹೊತ್ತೆಲ್ಲ ಅವನು ಸಿಕ್ಕುಬಿದ್ದ ದಾರವನ್ನು ಬಿಡಿಸುತ್ತ ಕುಳಿತಿರುವನು. ಕಡೆಗೊಂದು ದಿನ, "ನನ್ನ ಕೈಯೇ ಸರಿಯಿಲ್ಲ" ಎಂದುಬಿಟ್ಟನು. ನಲವತ್ತು ವರ್ಷ ಮಕ್ಕಳ ನಡುವೆ ಇದ್ದವನು ಈ ಮಾತನ್ನು ಕೇಳಿ ಸುಮ್ಮನಿರಲಾಗದು.

ಅವನ ಕೈಯಲ್ಲಿದ್ದುದು ತಂದೆಯ ಹಳೆಯ ಬೇಟ್‌ಕಾಸ್ಟಿಂಗ್ ರೀಲು. ಈ ಬಗೆಯ ರೀಲು ಹುಟ್ಟಿದುದು ಆ ಸೀಮೆಯಲ್ಲಿಯೇ. 19ನೆಯ ಶತಮಾನದ ಆದಿಭಾಗದಲ್ಲಿ ಕೆಂಟಕಿಯ ಪ್ಯಾರಿಸ್ ಪಟ್ಟಣದ ಜಾರ್ಜ್ ಸ್ನೈಡರನೂ, ಆಮೇಲೆ ಫ್ರಾಂಕ್‌ಫರ್ಟಿನ ಮೀಕ್ ಸಹೋದರರೂ ಇದನ್ನು ರೂಪಿಸಿದರು. ಇವರೆಲ್ಲ ಗಡಿಯಾರ ಮಾಡುವವರು. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ದಾರದ ಉರುಳೆಯು ಹಲವು ಸುತ್ತು ತಿರುಗುವಂತೆ ಹಲ್ಲಿನ ಚಕ್ರಗಳನ್ನು ಜೋಡಿಸಿದುದು ಅವರ ಜಾಣ್ಮೆ.

ಈ ರೀಲಿನಲ್ಲಿ ಎಸೆದ ಹುಸಿ ಎರೆಯು ಹಾರುತ್ತ ದಾರವನ್ನೆಳೆಯುತ್ತದೆ. ದಾರವು ಉರುಳೆಯನ್ನು ತಿರುಗಿಸುತ್ತದೆ. ಎಂದರೆ ಎರೆಯು ತಾನು ಹಾರುವುದಲ್ಲದೆ ಉರುಳೆಯ ಜಡತ್ವವನ್ನೂ ಹೊರಬೇಕು. 20 ಗ್ರಾಂ ತೂಕದ ಎರೆಗೆ ಇದು ಲೆಕ್ಕವಿಲ್ಲ. ಆದರೆ ಹೊಳೆಯ ತಿಳಿನೀರಿನಲ್ಲಿ ಹುಡುಗನು ಎಸೆಯುತ್ತಿದ್ದುದು 4 ಗ್ರಾಂ ಎರೆ. ಉರುಳೆಯೋ ಎರೆಯ ನಾಲ್ಕೈದು ಪಾಲು ಭಾರ. ಬಲವಾಗಿ ಬೀಸಿದರೆ ಉರುಳೆಗೆ ವೇಗ ಬರುತ್ತದೆ. ಅಷ್ಟರಲ್ಲಿ ಗಾಳಿಯ ತಡೆಗೆ ಎರೆ ನಿಧಾನಿಸುತ್ತದೆ, ಉರುಳೆ ನಿಧಾನಿಸುವುದಿಲ್ಲ. ಹೆಚ್ಚಾದ ದಾರವು ಒಳಗೇ ಉಬ್ಬಿ ಗಂಟಾಗುತ್ತದೆ. ಅಲ್ಲಿಯವರು ಅದನ್ನು ಹಕ್ಕಿಯ ಗೂಡು ಎನ್ನುತ್ತಾರೆ.

ಹುಡುಗನು ನೆರೆಮನೆಗಳ ಹುಲ್ಲು ಕತ್ತರಿಸಿ ಕೂಡಿಟ್ಟ ಹಣದಿಂದ ಹೊಸ ರೀಲು ಕೊಳ್ಳಬೇಕೆಂದಿದ್ದನು. ಅಂಗಡಿಯವನು ಬೇರಿಂಗುಗಳ ಸಂಖ್ಯೆಯನ್ನು ಹೊಗಳಿದನು. ಹಿಡಿಯ ಒಂದು ಸುತ್ತಿಗೆ ಉರುಳೆ ಎಷ್ಟು ಸುತ್ತು ತಿರುಗುವುದೆಂಬುದನ್ನೂ ಹೇಳಿದನು. ನಾವಿಬ್ಬರೂ ಕುಳಿತು ವಿಚಾರಿಸಿದೆವು. ಎಸೆಯುವಾಗ ಉಪಯೋಗಕ್ಕೆ ಬರುವವು ಉರುಳೆಯನ್ನು ಹೊತ್ತ ಬೇರಿಂಗುಗಳು ಮಾತ್ರ. ಹಿಡಿಯಲ್ಲಿರುವವು ಎಷ್ಟಿದ್ದರೂ ಎರೆ ದೂರ ಹೋಗದು. ಹಲ್ಲಿನ ಚಕ್ರಗಳ ಲೆಕ್ಕವು ದಾರವನ್ನು ಮರಳಿ ಸುತ್ತುವ ವೇಗಕ್ಕೆ ಸಂಬಂಧಿಸಿದುದು. ಉಳಿದುದು ಉರುಳೆಯ ತೂಕ. ಹಗುರ ಎರೆಗೆಂದೇ ಜಪಾನಿನವರು ಬೆಳೆಸಿದ 'ಬೇಟ್ ಫಿನೆಸ್' ಎಂಬ ಕ್ರಮದಲ್ಲಿ ಉರುಳೆಯು 10 ಗ್ರಾಂಗಿಂತ ಕಡಿಮೆ, ಆಳವೂ ಕಡಿಮೆ. ಆಳ ಕಡಿಮೆಯಿರುವುದಕ್ಕೂ ಕಾರಣವುಂಟು. 0.20 ಮಿಲಿಮೀಟರು ದಪ್ಪದ ಫ್ಲೋರೋಕಾರ್ಬನ್ ದಾರವು 100 ಮೀಟರಿಗೆ ಐದೂವರೆ ಗ್ರಾಂ ತೂಗುತ್ತದೆ. ಅದು ಎರೆಗಿಂತಲೂ ಹೆಚ್ಚು! ಆ ಹೊಳೆಗೆ 50 ಮೀಟರು ಧಾರಾಳ. ಬ್ರೇಕಿನಲ್ಲಿಯೂ ಎರಡು ಬಗೆ: ವೇಗದಲ್ಲಿ ಹೊರಕ್ಕೆ ಸರಿದು ಉಜ್ಜುವ ಸಣ್ಣ ತುಂಡುಗಳದು ಒಂದು, ಉರುಳೆಯನ್ನು ಮುಟ್ಟದೆಯೇ ತಡೆಯುವ ಅಯಸ್ಕಾಂತದ್ದು ಇನ್ನೊಂದು. ಹೊಸಬನ ಕೈಗೆ ಎರಡನೆಯದು ಹೆಚ್ಚು ಸುಲಭವಾಗಿ ಒಗ್ಗುತ್ತದೆ. ಇಷ್ಟಾದರೂ ಕೋಲು ಗಡುಸಾದರೆ ಫಲವಿಲ್ಲ. 4 ಗ್ರಾಂ ಭಾರಕ್ಕೆ ಬಾಗುವ ಕೋಲು ಬೇಕು.

ನಮ್ಮ ಅಳಿಯಂದಿರು, "ಇಷ್ಟು ತೊಡಕೇಕೆ ಮಾವ? ಸ್ಪಿನ್ನಿಂಗ್ ರೀಲನ್ನೇ ಕೊಳ್ಳಲಿ" ಎಂದರು. ಅದೂ ಯೋಗ್ಯವಾದ ಮಾತೇ. ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಬಟ್ಟೆ ಗಿರಣಿಯ ಇಲ್ಲಿಂಗ್‌ವರ್ತನು 1905ರಲ್ಲಿ ಹಕ್ಕುಪತ್ರ ಪಡೆದ ಆ ಕ್ರಮದಲ್ಲಿ ಎಸೆಯುವಾಗ ಉರುಳೆ ತಿರುಗುವುದೇ ಇಲ್ಲ. ದಾರವು ಅದರ ತುದಿಯಿಂದ ಜಾರಿಕೊಂಡು ಹೋಗುತ್ತದೆ. 2 ಗ್ರಾಂ ಎರೆಗೆ ನಾನೂ ಅದನ್ನೇ ಹೇಳುವೆನು. ಆದರೆ ಹುಡುಗನಿಗೆ ಉರುಳೆಯ ಮೇಲೆ ಹೆಬ್ಬೆರಳಿಟ್ಟು, ದಡದ ಮರದ ನೆರಳಿಗೆ ಸರಿಯಾಗಿ ಎರೆಯನ್ನು ಇಳಿಸುವ ವಿದ್ಯೆ ಬೇಕಾಗಿದ್ದಿತು. ಆಗಲೇ ಬೇರೆ ರೀಲು ಹಿಡಿದಿದ್ದರೆ, ತನ್ನ ಕೈ ಸರಿಯಿಲ್ಲವೆಂಬ ಮಾತು ಅವನ ಮನಸ್ಸಿನಲ್ಲಿ ನಿಜವಾಗಿಯೇ ಉಳಿದುಬಿಡುತ್ತಿತ್ತು.

ಅವನು ಕೊಂಡುದು ಹೆಚ್ಚು ಬೆಲೆಯದಲ್ಲ; ಉರುಳೆ ಹಗುರವಾಗಿದ್ದಿತು, ಅಷ್ಟೆ. ಮೊದಲ ಸಂಜೆ ಬ್ರೇಕನ್ನು ಪೂರ್ತಿ ಬಿಗಿದು ಎಸೆದನು. ಎರೆ ಹತ್ತಿರದಲ್ಲಿಯೇ ಬಿದ್ದಿತು, ಆದರೆ ಗಂಟು ಬೀಳಲಿಲ್ಲ. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಸಡಿಲಿಸಿ, ಬಿಟ್ಟಷ್ಟನ್ನು ಹೆಬ್ಬೆರಳಿಗೆ ಒಪ್ಪಿಸುತ್ತ ಬಂದನು. ಎರಡನೆಯ ವಾರದಲ್ಲಿ ಎದುರುದಡದ ಸಿಕಮೋರ್ ಮರದ ಬುಡಕ್ಕೆ ಎರೆ ಸದ್ದಿಲ್ಲದೆ ಇಳಿಯಿತು. ಹುಡುಗನು ನನ್ನ ಕಡೆ ತಿರುಗಿ ನೋಡಿದನೇ ಹೊರತು ಮಾತಾಡಲಿಲ್ಲ.

ಶಬ್ದರೂಪಗಳು ಬಾಯಿಗೆ ಬರುವ ಮೊದಲೇ ಸೂತ್ರಗಳನ್ನು ಹೊರಿಸಿ, ತಡವರಿಸಿದವನನ್ನು ಮಂದನೆಂದು ಕರೆದುದನ್ನು ನಾನು ಪಾಠಶಾಲೆಯಲ್ಲಿ ಕಂಡಿದ್ದೇನೆ. ಅಂಥವರಲ್ಲಿ ಎಷ್ಟೋ ಮಂದಿ ಆ ಹೆಸರನ್ನು ಹೊತ್ತುಕೊಂಡೇ ಓದು ಬಿಟ್ಟರು. ಅವರ ಕೈಗೆ ಹಗುರವಾದ ಉರುಳೆಯನ್ನು ಕೊಟ್ಟು ನೋಡಿದವರು ಯಾರೂ ಇರಲಿಲ್ಲ.