ಕಣ್ಣರೆಪ್ಪೆಗೆ ಬಣ್ಣ

ಅಲಂಕಾರವೆಂಬುದು ನಮ್ಮ ಮನೆಗಳಿಗೆ ಹೊಸದಲ್ಲ. ಹಣೆಗೆ ಕುಂಕುಮ, ಕೆನ್ನೆಗೆ ಅರಿಸಿನ, ಕಣ್ಣಿಗೆ ಕಾಡಿಗೆ, ಕೈಗೆ ಗೋರಂಟಿ, ಮುಡಿಗೆ ಹೂವು, ಇವುಗಳ ಪಾಠವನ್ನು ಶಾಲೆಯಲ್ಲಿ ಕಲಿತವರು ಯಾರೂ ಇಲ್ಲ. ತಾಯಿಯ ಕೈಯನ್ನು ನೋಡಿ ಮಗಳು ಕಲಿತಳು. ಆದರೆ ಈಗ ಹೆಣ್ಣುಮಕ್ಕಳ ಕನ್ನಡಿಯ ಮುಂದೆ ಅನೇಕ ತಾಯಂದಿರಿಗೆ ಪರಿಚಯವಿಲ್ಲದ ಒಂದು ಪೆಟ್ಟಿಗೆಯು ಬಂದು ಕುಳಿತಿದೆ. ಅಂಗೈಗಿಂತ ತುಸು ದೊಡ್ಡದು. ಮುಚ್ಚಳದ ಒಳಮೈಗೆ ಕನ್ನಡಿ. ಕೆಳಗೆ ಸಾಲುಸಾಲಾಗಿ ಒತ್ತಿ ಕೂರಿಸಿದ ಬಣ್ಣದ ಬಿಲ್ಲೆಗಳು. ಇದಕ್ಕೆ ಐಶ್ಯಾಡೋ ಪ್ಯಾಲೆಟ್ ಎಂದು ಹೆಸರು. ಕಣ್ಣರೆಪ್ಪೆಯ ಮೇಲೆ ಹಚ್ಚಿಕೊಳ್ಳತಕ್ಕ ಬಣ್ಣಗಳು ಇವು. ಐವತ್ತು ವರ್ಷ ದಾಟಿದ ಮೇಲೆ ನಾವು ಈ ವಿದ್ಯೆಯ ಅಕ್ಷರಾಭ್ಯಾಸಕ್ಕೆ ಕುಳಿತೆವು. ಹೊಸದಾಗಿ ಕಲಿಯುವವರಿಗೆ ಪ್ರಯೋಜನವಾದೀತೆಂದು ನಮ್ಮ ಅನುಭವವನ್ನು ಇಲ್ಲಿ ಬರೆಯುತ್ತೇವೆ.

ಈ ವಯಸ್ಸಿನಲ್ಲಿ ಇದೇಕೆ ಎಂದು ಓದುವ ಸೋದರಿಯರು ಕೇಳುವುದು ಸಹಜ. ನಮ್ಮ ಮಗಳದು ನಮ್ಮಂತೆಯೇ ಎಣ್ಣೆಗಪ್ಪು ಮೈಬಣ್ಣ. ವಿವಾಹದ ಜಾಹೀರಾತಿನಲ್ಲಿ ಗೋಧಿಬಣ್ಣವೆಂದು ಬರೆದು ದಾಟಿಸಲಾಗದಷ್ಟು ಕಪ್ಪು. ಅವಳ ನಿಶ್ಚಿತಾರ್ಥದ ದಿನ ಅಲಂಕಾರಕ್ಕೆಂದು ಒಬ್ಬ ಹೆಂಗಸನ್ನು ಕರೆಸಿದ್ದೆವು. ಆಕೆ ಎರಡು ಗಂಟೆಯ ಕಾಲ ಶ್ರಮಪಟ್ಟು ಮುಖವನ್ನು ಕುತ್ತಿಗೆಗಿಂತ ಎಷ್ಟೋ ಬೆಳ್ಳಗೆ ಮಾಡಿ, ರೆಪ್ಪೆಗಳಿಗೆ ತಿಳಿಗುಲಾಬಿಯನ್ನು ಬಳಿದು ಕಳುಹಿಸಿದಳು. ಬಂದವರೆಲ್ಲರೂ, “ಹುಡುಗಿ ಎಷ್ಟು ಬೆಳ್ಳಗೆ ಕಾಣುತ್ತಾಳೆ!” ಎಂದು ಮೆಚ್ಚಿದರು. ರಾತ್ರಿ ಮುಖ ತೊಳೆದುಕೊಳ್ಳುತ್ತಿದ್ದ ಮಗಳು, “ಅಮ್ಮ, ಅವರೆಲ್ಲ ಚೆನ್ನಾಗಿದ್ದಾಳೆ ಅಂದದ್ದು ಯಾರನ್ನು?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ತರುವಾಯ ಅವಳೇ, “ಮದುವೆಗೆ ಬೇರೆಯವರು ಬೇಡಮ್ಮ. ನೀನೇ ಹಚ್ಚು” ಎಂದಳು. ಮದುವೆಗೆ ಐದು ತಿಂಗಳು ಉಳಿದಿತ್ತು.

ಹೀಗಾಗಿ ಮೈಸೂರಿನ ಒಂದು ಅಂಗಡಿಯಲ್ಲಿ ೧೮ ಬಣ್ಣಗಳ ಪೆಟ್ಟಿಗೆಯೊಂದನ್ನು ಕೊಂಡೆವು. ದೇವರಾಜ ಮಾರುಕಟ್ಟೆಯಲ್ಲಿ ಕುಂಕುಮದವರು ಬಣ್ಣಬಣ್ಣದ ಪುಡಿಗಳನ್ನು ಗೋಪುರದಂತೆ ಗುಡ್ಡೆ ಹಾಕಿ ಇಟ್ಟಿರುವುದನ್ನು ನೋಡಿದವರಿಗೆ ಈ ಪೆಟ್ಟಿಗೆ ಅಪರಿಚಿತವೆನಿಸದು. ಆ ಸಾಲನ್ನೇ ಚಿಕ್ಕದು ಮಾಡಿ ಮುಚ್ಚಳದೊಳಗೆ ಇಟ್ಟಂತಿದೆ. ವಸ್ತುವೂ ಹೊಸತೇನಲ್ಲ. ಪುರಾತನ ಈಜಿಪ್ಟಿನ ಜನರು ಹಸುರು ಬಣ್ಣದ ತಾಮ್ರದ ಅದಿರನ್ನೂ ಕಪ್ಪು ಬಣ್ಣದ ಸೀಸದ ಅದಿರನ್ನೂ ಕಲ್ಲುಹಲಗೆಯ ಮೇಲೆ ಅರೆದು ಕಣ್ಣಿಗೆ ಹಚ್ಚಿಕೊಳ್ಳುತ್ತಿದ್ದರು. ಸುಮಾರು ೫೦೦೦ ವರ್ಷಗಳ ಹಿಂದಿನ ನಾರ್ಮರ್ ದೊರೆಯ ಪ್ರಸಿದ್ಧವಾದ ಕೆತ್ತನೆಯ ಕಲ್ಲು ಇಂತಹ ಹಲಗೆಯ ರೂಪದಲ್ಲಿಯೇ ಇದೆ. ಬಣ್ಣ ಅರೆಯುವ ಗುಂಡನೆಯ ಕುಳಿಯು ಅದರ ನಡುವೆ ಇಂದಿಗೂ ಕಾಣುತ್ತದೆ. ಅಂತಹ ಹಲಗೆಗಳನ್ನೂ ಚಿತ್ರಕಾರರು ಬಣ್ಣ ಕಲೆಸುವ ಹಲಗೆಯನ್ನೂ ಪ್ಯಾಲೆಟ್ ಎಂದೇ ಕರೆಯುತ್ತಾರೆ.

ಮನೆಗೆ ತಂದು ಒಂದೊಂದೇ ಬಣ್ಣವನ್ನು ನಮ್ಮ ರೆಪ್ಪೆಯ ಮೇಲೆ ಹಚ್ಚಿ ನೋಡಿದೆವು. ಆಗ ಕಂಡ ಮೊದಲನೆಯ ಸಂಗತಿಯೆಂದರೆ, ಬಿಲ್ಲೆಯಲ್ಲಿ ಕಾಣುವ ಬಣ್ಣವೇ ಬೇರೆ, ರೆಪ್ಪೆಯಲ್ಲಿ ಕಾಣುವ ಬಣ್ಣವೇ ಬೇರೆ. ಪೆಟ್ಟಿಗೆಯಲ್ಲಿ ತಾವರೆಯ ಎಸಳಿನಂತಿದ್ದ ಗುಲಾಬಿಯು ನಮ್ಮ ಕಣ್ಣಿನ ಮೇಲೆ ಬೂದಿ ಬಳಿದಂತಾಯಿತು. ತಿಳಿನೀಲಿಯು ಪೆಟ್ಟು ಬಿದ್ದ ಗುರುತಿನಂತೆ ಕಂಡಿತು. ಇದಕ್ಕೆ ಕಾರಣವಿದೆ. ತಿಳಿಯಾದ ಬಣ್ಣಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಯ ಪುಡಿಯೂ ಟಾಲ್ಕಮ್ಮೂ ಹೆಚ್ಚಾಗಿ ಬೆರೆತಿರುತ್ತವೆ. ಬೆಳ್ಳನೆಯ ಚರ್ಮದ ಮೇಲೆ ಆ ಬಿಳುಪು ಮರೆಯಾಗುತ್ತದೆ. ಕಪ್ಪು ಚರ್ಮದ ಮೇಲೆ ಅದೇ ಮುಂದಾಗಿ ಕಾಣುತ್ತದೆ. ಇದು ಚರ್ಮದ ದೋಷವಲ್ಲ. ಬಿಳಿಯ ನೆಲಕ್ಕೆಂದು ಕಲೆಸಿದ ಬಣ್ಣವನ್ನು ಕರಿಯ ನೆಲಕ್ಕೆ ತಂದುದರ ಫಲ. ಮುಂಜಾನೆ ಅಂಗಳದಲ್ಲಿ ರಂಗೋಲಿ ಇಡುವ ಯಾವ ಹೆಂಗಸಿಗೂ ಇದನ್ನು ವಿವರಿಸಬೇಕಾಗಿಲ್ಲ. ಒಣಗಿದ ನೆಲದ ಮೇಲೆ ಮಂಕಾಗುವ ಪುಡಿಯು ಸಗಣಿ ಸಾರಿಸಿದ ನೆಲದ ಮೇಲೆ ಎದ್ದು ತೋರುತ್ತದೆ. ನೆಲವನ್ನು ನೋಡಿ ಬಣ್ಣವನ್ನು ಆರಿಸಬೇಕೇ ಹೊರತು ಬಣ್ಣಕ್ಕಾಗಿ ನೆಲವನ್ನು ಸುಣ್ಣ ಬಳಿದು ಮುಚ್ಚಬಾರದು. ನಿಶ್ಚಿತಾರ್ಥದ ದಿನ ಆಗಿದ್ದುದು ಈ ಸುಣ್ಣ ಬಳಿಯುವ ಕೆಲಸವೇ.

ಹೀಗೆ ೧೮ ಬಣ್ಣಗಳಲ್ಲಿ ಒಂದೊಂದಾಗಿ ಬಿಡುತ್ತ ಬಂದು, ಕೊನೆಗೆ ಉಳಿದವು ನಾಲ್ಕು: ಇಟ್ಟಿಗೆಯ ಕೆಂಪು, ತಾಮ್ರ, ಹಳೆಯ ಚಿನ್ನದ ಬಣ್ಣ, ಕಾಫಿಯ ಕಡುಕಂದು. ಒಂದು ಮಧ್ಯಾಹ್ನ ನಮ್ಮ ಅತ್ತೆಯವರು ಈ ಪ್ರಯೋಗವನ್ನು ನೋಡುತ್ತ ಕುಳಿತಿದ್ದವರು ಇಟ್ಟಿಗೆಯ ಕೆಂಪನ್ನು ಬೆರಳಿನಿಂದ ಮುಟ್ಟಿ, “ಇದು ಜಾಜಲ್ಲವೇನೆ? ಇದಕ್ಕೆ ಅಷ್ಟು ದುಡ್ಡು ಕೊಟ್ಟೆಯಾ?” ಎಂದರು. ಅವರ ಮಾತು ಸರಿಯಾದುದೇ. ಗೋಡೆಯ ಅಂಚಿಗೆ ಹಿಂದೆ ಬಳಿಯುತ್ತಿದ್ದ ಜಾಜಿಗೆ ಕೆಂಪು ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಪ್ಯಾಲೆಟ್ಟಿನ ಕೆಂಪು, ಹಳದಿ, ಕಂದುಗಳಿಗೂ ಸಾಮಾನ್ಯವಾಗಿ ಅದೇ ಆಧಾರ. ವ್ಯತ್ಯಾಸವೆಂದರೆ ಕಣ್ಣಿಗೆ ಬಳಸುವುದನ್ನು ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸಿರಬೇಕು. ಮಿನುಗುವ ಬಿಲ್ಲೆಗಳಲ್ಲಿ ಇರುವುದು ಅಭ್ರಕ, ಅಂದರೆ ನಾವು ಹುಡುಗಿಯರಾಗಿದ್ದಾಗ ಹೊಲದ ಬದುಗಳಲ್ಲಿ ಆರಿಸುತ್ತಿದ್ದ ಕಾಗೆಬಂಗಾರ. ಅದರ ತೆಳುವಾದ ಪದರುಗಳ ಮೇಲೆ ಬೆಳಕು ಬಿದ್ದು ಹಿಂದಿರುಗುವುದರಿಂದ ಆ ಹೊಳಪು. ಜಾರ್ಖಂಡ್ ಮತ್ತು ಬಿಹಾರಗಳಲ್ಲಿ ಅಭ್ರಕದ ಚೂರುಗಳನ್ನು ಹೆಕ್ಕುವುದಕ್ಕೆ ಚಿಕ್ಕ ಮಕ್ಕಳನ್ನು ಹಚ್ಚಿರುವ ಸಂಗತಿಯು ಪತ್ರಿಕೆಗಳಲ್ಲಿ ಹಲವು ಸಲ ಪ್ರಕಟವಾಗಿದೆ. ಆದಕಾರಣ ಕೆಲವು ತಯಾರಕರು ಕೃತಕವಾದ ಅಭ್ರಕವನ್ನು ಬಳಸತೊಡಗಿದ್ದಾರೆ. ಕೊಳ್ಳುವವರು ಇದನ್ನು ವಿಚಾರಿಸುವುದು ಯುಕ್ತ.

ಸಸ್ಯಾಹಾರದ ನಿಯಮವನ್ನು ಅಲಂಕಾರದಲ್ಲಿಯೂ ಪಾಲಿಸುವ ಮನೆಗಳವರು ತಿಳಿಯಬೇಕಾದುದು ಇನ್ನೊಂದುಂಟು. ಕೆಲವು ಕೆಂಪು ಮತ್ತು ನೇರಳೆ ಬಣ್ಣಗಳಲ್ಲಿ ಕಾರ್ಮೈನ್ ಎಂಬುದು ಇರುತ್ತದೆ. ಇದು ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಹುಳುವಿನಿಂದ ತೆಗೆದ ಬಣ್ಣ. ಪೆಟ್ಟಿಗೆಯ ಹಿಂಬದಿಯಲ್ಲಿ ಕಾರ್ಮೈನ್ ಎಂದಾಗಲಿ ೭೫೪೭೦ ಎಂಬ ಅಂಕೆಯಾಗಲಿ ಇದ್ದರೆ ಅದೇ ಎಂದು ತಿಳಿಯಬಹುದು. ಈ ಬಣ್ಣದ ಆಸೆಯಿಂದ ೧೭೯೫ರಲ್ಲಿ ಬ್ರಜಿಲಿನಿಂದ ನಮ್ಮ ದೇಶಕ್ಕೆ ಹುಳುವನ್ನು ತರಿಸಿದ್ದರು. ಬಂದುದು ಬೇರೊಂದು ಜಾತಿಯದಾಗಿ, ಬಣ್ಣದ ವ್ಯಾಪಾರವು ಕೈಗೂಡಲಿಲ್ಲ. ಆದರೆ ಆ ಹುಳು ಕಳ್ಳಿಯ ಪೊದೆಗಳನ್ನು ತಿಂದು ಹಾಳುಮಾಡಿತು.

ಇನ್ನು ಹಚ್ಚುವ ಕ್ರಮ. ಮೊದಲು ಕಣ್ಣು, ಆಮೇಲೆ ಮುಖ. ಹೀಗೇಕೆಂದರೆ, ಕುಂಚದಿಂದ ಉದುರಿದ ಪುಡಿಯು ಕೆನ್ನೆಯ ಮೇಲೆ ಕುಳಿತುಕೊಳ್ಳುತ್ತದೆ. ಮುಖಕ್ಕೆ ಏನನ್ನೂ ಹಚ್ಚದೆ ಇದ್ದರೆ ಒರೆಸುವುದು ಸುಲಭ. ಕುಂಚವನ್ನು ಬಿಲ್ಲೆಗೆ ಮೃದುವಾಗಿ ತಾಗಿಸಿ, ಪೆಟ್ಟಿಗೆಯ ಅಂಚಿಗೆ ಒಮ್ಮೆ ತಟ್ಟಿ, ಹೆಚ್ಚಿನದನ್ನು ಕೊಡವಿಕೊಳ್ಳಬೇಕು. ನಮ್ಮ ಸೀಮೆಯ ಬೇಸಗೆಯಲ್ಲಿ ಬೆವರು ಮತ್ತು ಜಿಡ್ಡಿನಿಂದ ಬಣ್ಣವು ರೆಪ್ಪೆಯ ಮಡಿಕೆಗೆ ಸೇರಿ ಗೆರೆಯಾಗುತ್ತದೆ. ಇದಕ್ಕೆ ಪ್ರೈಮರ್ ಎಂಬ ತೆಳುವಾದ ಲೇಪವನ್ನು ಮೊದಲು ಸವರಿ, ಅದು ಹಿಡಿದುಕೊಳ್ಳುವವರೆಗೆ ಕಾಯಬೇಕು. ಮಧ್ಯಮವಾದ ಬಣ್ಣವು ಮಡಿಕೆಗೆ, ಕಡುಬಣ್ಣವು ಹೊರ ಮೂಲೆಗೆ ಮತ್ತು ರೆಪ್ಪೆಗೂದಲಿನ ಬುಡಕ್ಕೆ, ಹೊಳಪು ರೆಪ್ಪೆಯ ನಡುವಿಗೆ. ಒಂದು ಬಣ್ಣ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂದು ತಿಳಿಯದಂತೆ ಒಣಕುಂಚದಿಂದ ಸವರಬೇಕು. ಇಡೀ ವಿದ್ಯೆಯ ಕಷ್ಟವೆಲ್ಲ ಈ ಸವರುವುದರಲ್ಲಿಯೇ ಇದೆ. ನಮ್ಮ ವಯಸ್ಸಿನವರ ರೆಪ್ಪೆಯಲ್ಲಿ ಹೊಳಪು ಸುಕ್ಕುಗಳನ್ನು ಎತ್ತಿ ತೋರಿಸುತ್ತದೆ. ಹೊಳಪಿಲ್ಲದ ಬಣ್ಣವೇ ನಮಗೆ ಲೇಸು.

ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವಳು ಭಾನುವಾರಗಳಲ್ಲಿ ಮನೆಗೆ ಬರುತ್ತಿದ್ದಳು. ಕಿಟಕಿಯ ಬೆಳಕಿಗೆ ಮುಖವೊಡ್ಡಿ ಕಣ್ಣುಮುಚ್ಚಿ ಕುಳಿತರೆ ನಾವು ಅಭ್ಯಾಸ ಮಾಡುತ್ತಿದ್ದೆವು. ಕಣ್ಣಿಗೆ ಬಣ್ಣ ಹಚ್ಚುವವರು ಎದುರಿನ ಮುಖವನ್ನು ಗೇಣು ದೂರದಿಂದ ನೋಡಬೇಕಾಗುತ್ತದೆ. ಅವಳ ಬಲಗಣ್ಣು ಎಡಗಣ್ಣಿಗಿಂತ ಕೂದಲೆಳೆಯಷ್ಟು ಚಿಕ್ಕದು. ರೆಪ್ಪೆಗಳ ಬಣ್ಣ ಕೆನ್ನೆಗಿಂತಲೂ ಕಡು. ನಾಲ್ಕನೆಯ ವಯಸ್ಸಿನಲ್ಲಿ ಹೊಸ್ತಿಲಿಗೆ ಎಡವಿ ಬಿದ್ದ ಗಾಯದ ಗುರುತು ಹುಬ್ಬಿನ ಕೆಳಗೆ ಇನ್ನೂ ಇದೆ. ಜಡೆ ಹಾಕುವ ವಯಸ್ಸು ದಾಟಿದ ಮೇಲೆ ಮಗಳ ಮುಖವನ್ನು ತಾಯಿಯು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನೋಡುವ ಸಂದರ್ಭವು ಎಲ್ಲಿ ಬರುತ್ತದೆ? ಮೊದಮೊದಲು ಅವಳು ಮಾತಿಲ್ಲದೆ ಕೂರುತ್ತಿದ್ದಳು. ಕ್ರಮೇಣ ಶಾಲೆಯಲ್ಲಿ ಗೆಳತಿಯರು ಇಟ್ಟಿದ್ದ ಅಡ್ಡಹೆಸರು, ನೋಡಲು ಬಂದು ಹಿಂದಿರುಗಿದ ವರನ ಕಡೆಯವರು ಮೆಟ್ಟಿಲ ಮೇಲೆ ಆಡಿದ ಮಾತು, ಹೀಗೆ ಒಂದೊಂದನ್ನೇ ಹೇಳಿದಳು. ಕಣ್ಣು ಮುಚ್ಚಿಕೊಂಡಿದ್ದುದರಿಂದ ಹೇಳಲು ಸುಲಭವಾಯಿತೋ ಏನೋ. ನಾವು ಕುಂಚವನ್ನು ನಿಲ್ಲಿಸದೆ ಕೇಳಿದೆವು.

ಆರೋಗ್ಯದ ವಿಷಯವನ್ನು ಹೇಳದೆ ಬಿಡಲಾಗದು. ಅಕ್ಕತಂಗಿಯರೂ ಓರಗಿತ್ತಿಯರೂ ಒಂದೇ ಕಾಡಿಗೆಯ ಡಬ್ಬಿಗೆ ಬೆರಳಿಡುವ ಪದ್ಧತಿ ನಮ್ಮಲ್ಲಿದೆ. ೨೦೨೩ರ ಮಳೆಗಾಲದಲ್ಲಿ ನಮ್ಮ ರಾಜ್ಯದಲ್ಲಿ ಕೆಂಗಣ್ಣು ಹೇಗೆ ಹರಡಿತೆಂಬುದನ್ನು ನೆನೆದರೆ ಈ ಪದ್ಧತಿಯನ್ನು ಬಿಡುವುದೇ ಮೇಲು. ಒಬ್ಬರ ಕುಂಚವನ್ನೂ ಬಣ್ಣವನ್ನೂ ಇನ್ನೊಬ್ಬರು ಬಳಸಬಾರದು. ನಾವೂ ನಮ್ಮ ಅಭ್ಯಾಸದ ಪೆಟ್ಟಿಗೆಯನ್ನು ನಮಗೇ ಇಟ್ಟುಕೊಂಡು, ಮಗಳಿಗೆ ಬೇಕಾದ ನಾಲ್ಕು ಬಣ್ಣಗಳ ಚಿಕ್ಕ ಪೆಟ್ಟಿಗೆಯನ್ನೂ ಕುಂಚಗಳನ್ನೂ ಬೇರೆಯಾಗಿ ತಂದೆವು. ಕುಂಚಗಳನ್ನು ವಾರಕ್ಕೊಮ್ಮೆ ಸೌಮ್ಯವಾದ ಸಾಬೂನಿನಲ್ಲಿ ತೊಳೆದು ಮಲಗಿಸಿ ಒಣಗಿಸಬೇಕು. ಕಣ್ಣು ಕೆಂಪಾಗಿದ್ದಾಗ ಏನನ್ನೂ ಹಚ್ಚಬಾರದು. ಮಕ್ಕಳ ಕೈಕೆಲಸಕ್ಕೆ ಮಾರುವ ಮಿಂಚಿನ ಪುಡಿಯನ್ನು ಕಣ್ಣಿನ ಹತ್ತಿರಕ್ಕೆ ತರಲೇಬಾರದು. ಅದರ ಚೂಪಾದ ಚೂರುಗಳು ಕಣ್ಣಿನ ಪಾರದರ್ಶಕ ಪಟಲವನ್ನು ಗೀರುತ್ತವೆ. ಭಾರತದ ೨೦೨೦ರ ಸೌಂದರ್ಯಸಾಧನ ನಿಯಮಗಳು ಬಣ್ಣಕ್ಕಾಗಿ ಸೀಸವನ್ನೂ ಆರ್ಸೆನಿಕ್ಕನ್ನೂ ಸೇರಿಸುವುದನ್ನು ನಿಷೇಧಿಸಿವೆ. ಆದರೂ ತಯಾರಕರ ಹೆಸರು, ತಯಾರಾದ ದಿನ, ಯಾವಾಗಿನವರೆಗೆ ಬಳಸಬಹುದೆಂಬ ಸೂಚನೆ ಇಲ್ಲದ ಅಗ್ಗದ ಪೆಟ್ಟಿಗೆಗಳು ಬೀದಿಬದಿಯಲ್ಲಿ ಸಿಕ್ಕುತ್ತವೆ. ಅವುಗಳಿಂದ ದೂರವಿರುವುದು ಕ್ಷೇಮ. ರಾತ್ರಿ ಬಣ್ಣವನ್ನು ಪೂರ್ತಿಯಾಗಿ ತೆಗೆದೇ ಮಲಗಬೇಕು. ಹತ್ತಿಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ, ಕಣ್ಣಿನೊಳಗೆ ಹೋಗದಂತೆ ಒರೆಸಿದರೆ ಸಾಕು.

ಮದುವೆಯ ದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನಾವೇ ಹಚ್ಚಿದೆವು. ಜಾಜಿನ ಕೆಂಪು ಮಡಿಕೆಗೆ, ಕಾಫಿಯ ಬಣ್ಣ ಅಂಚಿಗೆ, ಹಳೆಯ ಚಿನ್ನ ನಡುವಿಗೆ. ಮುಖಕ್ಕೆ ಅವಳದೇ ಬಣ್ಣದ ತೆಳುಲೇಪ. ನಲವತ್ತು ನಿಮಿಷ ಹಿಡಿಯಿತು. ಕನ್ನಡಿಯಲ್ಲಿ ನೋಡಿಕೊಂಡ ಮಗಳು ಏನೂ ಹೇಳದೆ, ಕನ್ನಡಿಯನ್ನು ಕೂಡಲೇ ಕೆಳಗಿಡದೆ ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. ಹೋಮದ ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು ಬಂದಿತು. ಕಾಡಿಗೆ ಸ್ವಲ್ಪ ಕದಡಿತೇ ಹೊರತು ರೆಪ್ಪೆಯ ಬಣ್ಣ ಕದಲಲಿಲ್ಲ. ಯಾರೂ “ಬೆಳ್ಳಗೆ ಕಾಣುತ್ತಾಳೆ” ಎನ್ನಲಿಲ್ಲ. ಧಾರೆಯಾದ ಮೇಲೆ ವರನ ಅಜ್ಜಿ ನಮ್ಮನ್ನೂ ಮಗಳನ್ನೂ ಒಮ್ಮೆ ನೋಡಿ, “ಕಣ್ಣು ಥೇಟ್ ತಾಯಿಯದೇ” ಎಂದರು.

ಹೊಸದಾಗಿ ಕಲಿಯುವವರಿಗೆ ನಾವು ಹೇಳತಕ್ಕುದು ಇಷ್ಟು. ದೊಡ್ಡ ಪೆಟ್ಟಿಗೆಗೆ ಹಣ ಸುರಿಯಬೇಡಿರಿ. ತಮ್ಮ ಮೈಬಣ್ಣಕ್ಕಿಂತ ಒಂದು ಛಾಯೆ ಕಡು, ಎರಡು ಛಾಯೆ ಕಡು, ಒಂದು ಹೊಳಪು, ಇಷ್ಟಿದ್ದರೆ ಹಬ್ಬಕ್ಕೂ ಮದುವೆಗೂ ಸಾಕು. ಕೊಳ್ಳುವಾಗ ಬಿಲ್ಲೆಯನ್ನು ನೋಡಿ ಮೆಚ್ಚದೆ, ಅಂಗಡಿಯಲ್ಲಿಟ್ಟಿರುವ ಮಾದರಿಯನ್ನು ಮುಂಗೈಯ ಒಳಭಾಗಕ್ಕೆ ಸವರಿ, ಹೊರಗಿನ ಹಗಲು ಬೆಳಕಿಗೆ ಬಂದು ನೋಡಿರಿ. ಅಂಗಡಿಯ ದೀಪಕ್ಕೆ ಎಲ್ಲ ಬಣ್ಣವೂ ಒಪ್ಪುತ್ತದೆ. ಮನೆಯಲ್ಲಿ ಹರೆಯದ ಹೆಣ್ಣುಮಗಳಿದ್ದರೆ ಅವಳನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ಬಣ್ಣವನ್ನು ಅವಳೇ ಆರಿಸಲಿ.