ಹರಿದ ಎಳೆಗಳು

ಪುಣೆಯ ನಮ್ಮ 10ನೇ ಮಹಡಿಯ ಬಾಗಿಲಲ್ಲಿ ಅವ್ವ ಹಾಕಿದ ರಂಗೋಲಿ ಎಂಟು ಗಂಟೆಗೆಲ್ಲ ಸೊಸೈಟಿಯವರ ಮಾಪಿಗೆ ಬಲಿ. ಮೂರನೇ ವಾರಕ್ಕೆ ಹಾಕುವುದನ್ನೇ ಬಿಟ್ಟಳು. “ಧಾರವಾಡದ ಟಿಕೀಟ್ ಯಾವಾಗ ತಗಸ್ತಿ?” ಶುರುವಾಯಿತು.

ಇಶ್ಯೂ ಕಂಡರೆ ಸೊಲ್ಯೂಷನ್ ಹುಡುಕುವುದು ನನ್ನ ಹೊಟ್ಟೆಪಾಡು. ಬಿಳಿ ಹತ್ತಿಯ ಸಣ್ಣ ಜಮಖಾನ ತಂದೆ. ಅವಳ ವಹಿಯಲ್ಲಿದ್ದ ಎಳೆ ರಂಗೋಲಿಯೊಂದನ್ನು ಪ್ಲಾಸ್ಟಿಕ್ ಹಾಳೆಯ ಮೇಲಿಳಿಸಿ ಬ್ಲೇಡಿನಿಂದ ಕೊರೆದೆ. ಎಳೆಯನ್ನು ಪೂರ್ತಿ ಕತ್ತರಿಸಿದರೆ ಅದರೊಳಗಿನ ಹಾಳೆಯೇ ಉದುರಿಬೀಳುತ್ತದೆ. ಅಲ್ಲಲ್ಲಿ ಸಣ್ಣ ಸೇತುವೆ ಉಳಿಸಬೇಕು. ಬಟ್ಟೆಗೆ ಹಚ್ಚುವ ಅಕ್ರಿಲಿಕ್ ಬಣ್ಣವನ್ನು ಸ್ಪಂಜಿನಿಂದ ಒತ್ತುತ್ತ ಹೋದೆ. ಮೊದಲ ಮೂಲೆ ಕೆಟ್ಟಿತು. ಸ್ಪಂಜು ತೀರ ಹಸಿ, ಬಣ್ಣ ಹಾಳೆಯಡಿ ನುಗ್ಗಿತ್ತು. ಆಮೇಲೆ ಪ್ರತಿಸಲ ಹಳೇ ಪೇಪರಿಗೆ ಒತ್ತಿ, ಹೆಚ್ಚಿನ ಬಣ್ಣ ತೆಗೆದೇ ಮುಂದುವರಿದೆ.

ಅವ್ವ ಕನ್ನಡಕ ಏರಿಸಿದಳು. “ಎಳಿ ಎಲ್ಲಾ ಹರದಾವಲ್ಲೋ ತಮ್ಮಾ! ಹಿಂಗ ಬಾಗಲಾಗ ಹಾಕ್ತಾರೇನು?”

ಸೇತುವೆಗಳ ವಿಷಯ ವಿವರಿಸಹೊರಟೆ. ಅಷ್ಟರಲ್ಲಿ ಮೊಮ್ಮಗಳ ಬ್ರಷ್ ಹಿಡಿದು, ಮೊಣಕಾಲು ನೋವು ಮರೆತು, ನೆಲಕ್ಕೆ ಕೂತುಬಿಟ್ಟಿದ್ದಳು. 48 ಕಡೆ ಎಳೆ ಕೂಡಿಸಿದಳು, ನಾನು ಎಣಿಸಿದೆ. ಕೆಟ್ಟ ಮೂಲೆಯ ಮೇಲೊಂದು ಕಮಲ ಬಂತು.

ಮರುದಿನ ಮೇಲೊಂದು ಬಟ್ಟೆ ಹಾಕಿ ಇಸ್ತ್ರಿ ಮಾಡಿ, ಬಾಗಿಲಿಗೆ ಹಾಸಿದೆವು. ಯಾರೂ ತುಳಿಯುವ ಹಾಗಿಲ್ಲ. ಟಿಕೀಟಿನ ಮಾತು ಮಾತ್ರ ಅವ್ವ ಇನ್ನೂ ಬಿಟ್ಟಿಲ್ಲ.