ಒಂದು ಹನಿಯಷ್ಟು

ವಿಜಯದಶಮಿಯ ಬೆಳಗ್ಗೆ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ಮೊದಲ ಸಲ ಕಂಡವರಿಗೆ ಆಗುವುದು ಸಾಮಾನ್ಯವಾಗಿ ನಿರಾಶೆಯೇ. ತಲೆ ಬೋಳಿಸಿಕೊಂಡ ಎರಡು ಜೋಡಿ ಜಟ್ಟಿಗಳು ಅಖಾಡಕ್ಕಿಳಿಯುತ್ತಾರೆ, ಎದುರುಬದುರಾಗುತ್ತಾರೆ, ಕೈ ಬೀಸುತ್ತಾರೆ. ಒಬ್ಬನ ನೆತ್ತಿಯ ಮೇಲೆ ಸಣ್ಣದೊಂದು ಕೆಂಪು ಗೆರೆ ಮೂಡುತ್ತಲೇ ಉಸ್ತಾದರು ನಡುವೆ ನುಗ್ಗಿ ಬಿಡಿಸಿಬಿಡುತ್ತಾರೆ. ದೂರದರ್ಶನದ ಮುಂದೆ ಕುಳಿತವರ ತಟ್ಟೆಯ ಉಪ್ಪಿಟ್ಟು ಇನ್ನೂ ಆರಿರುವುದಿಲ್ಲ. “ಇಷ್ಟೇನೇ?” ಎಂದು ಹುಡುಗರು ಕೇಳುತ್ತಾರೆ. ಹಿರಿಯರಿಗೂ ಉತ್ತರ ತೋಚುವುದಿಲ್ಲ.

ಆದರೆ ಈ ವಿದ್ಯೆಯೆಲ್ಲ ಅಡಗಿರುವುದು ಆ ‘ಇಷ್ಟೇ’ ಎಂಬುದರಲ್ಲಿಯೇ. ಜಟ್ಟಿಯ ಬಲಗೈ ಬೆರಳುಗಳಿಗೆ ಸಿಕ್ಕಿಸಿರುವ ಮೊನಚಾದ ಆಯುಧ ಆಟಿಕೆಯಲ್ಲ. ಹಿಂದೆ ಅದನ್ನು ದಂತದಿಂದಲೋ ಕೋಡಿನಿಂದಲೋ ಮಾಡುತ್ತಿದ್ದರು. ಅದನ್ನು ಕಟ್ಟಿಕೊಂಡ ಮುಷ್ಟಿ ಪೂರ್ಣ ಬಲದಿಂದ ಬಿದ್ದರೆ ಕಣ್ಣೇ ಹೋದೀತು. ಹಿಂದೆ ಹೋಗುತ್ತಲೂ ಇದ್ದಿತು. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಮಲ್ಲರ ಕಾಳಗವನ್ನು ಕಂಡು, ಹಲ್ಲು ಮುರಿಯುವ, ಕಣ್ಣು ಕೀಳುವ, ಮುಖ ವಿಕಾರಗೊಳಿಸುವ ಹೊಡೆತಗಳನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಅವನ ನಂತರ ಬಂದ ನೂನಿಜನೂ ಮಲ್ಲರು ಕೈಯಲ್ಲಿ ಹಿಡಿದ ಮೊನೆಯುಳ್ಳ ಬಳೆಗಳಿಂದ ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದುದನ್ನು ಹೇಳುತ್ತಾನೆ. ಮೈಸೂರಿನ ಇಂದಿನ ನಿಯಮ ಬೇರೆ. ಎದುರಾಳಿಯ ತಲೆಯಿಂದ ಒಂದು ಹನಿ ನೆತ್ತರು ಚಿಮ್ಮಿದರೆ ಸಾಕು, ಕಾಳಗ ಮುಗಿಯಿತು. ಕಡಿಮೆಯಾದರೆ ಕಾಳಗವಲ್ಲ, ಹೆಚ್ಚಾದರೆ ವಿದ್ಯೆಯಲ್ಲ.

ಈ ಅಳತೆ ಕೈಗೆ ಬರುವುದೆಂತು? ಮನಸ್ಸು ಸಾರಥಿ, ದೇಹ ರಥ ಎಂಬ ಮಾತು ಕೇಳಲು ಚೆನ್ನಾಗಿದೆ. ಆದರೆ ಅಖಾಡದಲ್ಲಿ ಸಾರಥಿಗೆ ಲಗಾಮು ಎಳೆಯುವಷ್ಟು ಹೊತ್ತೆಲ್ಲಿ? ಕಣ್ಣು ಕಂಡುದಕ್ಕೆ ಕೈ ಅಲುಗಬೇಕಾದರೆ ಚುರುಕಾದ ಮನುಷ್ಯನಿಗೂ ಒಂದು ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು ಕಾಲ ಬೇಕು. ಹತ್ತಿರದಿಂದ ಬರುವ ಮುಷ್ಟಿ ಅಷ್ಟು ಹೊತ್ತು ಕಾಯುವುದಿಲ್ಲ. ಆದುದರಿಂದ ಪೆಟ್ಟು ಬರುವಾಗ ಯೋಚಿಸತೊಡಗಿದವನು ಅದಾಗಲೇ ಪೆಟ್ಟು ತಿಂದಿರುತ್ತಾನೆ. ಮನಸ್ಸು ದೇಹಕ್ಕೆ ಹೇಳಬೇಕಾದುದನ್ನೆಲ್ಲ ವರ್ಷಗಳ ಮೊದಲೇ ಹೇಳಿ ಮುಗಿಸಿರಬೇಕು.

ಹಾಗೆ ಹೇಳಿ ಮುಗಿಸುವ ಸ್ಥಳವೇ ಗರಡಿ. ಹಳೆಯ ಗರಡಿಯ ಬಾಗಿಲು ಗಿಡ್ಡ. ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಹೊಗಬೇಕು. ಒಳಗೆ ಅರೆಬೆಳಕು, ಎಣ್ಣೆಯ ವಾಸನೆ, ಗೋಡೆಯ ಮೇಲೆ ಆಂಜನೇಯ. ಹೊಸ ಹುಡುಗನಿಗೆ ಅಲ್ಲಿ ಮೊದಲು ದೊರೆಯುವುದು ಪಟ್ಟುಗಳ ರಹಸ್ಯವಲ್ಲ, ಗುದ್ದಲಿ. ಕೆಮ್ಮಣ್ಣನ್ನು ಅಗೆದು ಮಗುಚಿ ಮೆದುಗೊಳಿಸುವುದೇ ಅವನ ಕೆಲಸ. ಆಮೇಲೆ ದಂಡ, ಬಸ್ಕಿ. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ. ಎಣಿಸುತ್ತಾ ಎಣಿಸುತ್ತಾ ಉಸಿರು ತಾನಾಗಿ ಎಣಿಕೆಗೆ ಹೊಂದಿಕೊಳ್ಳುತ್ತದೆ. ಉಸಿರು ನೆಲೆಗೊಂಡ ಮೇಲೆ ಮನಸ್ಸೂ ಅಷ್ಟಾಗಿ ಹಾರಾಡುವುದಿಲ್ಲ. ಪಟ್ಟಣದಲ್ಲಿ ಈಗ ಹಣ ತೆತ್ತು ಏಕಾಗ್ರತೆ ಕಲಿಯುವ ತರಗತಿಗಳಿವೆ. ಗರಡಿಯವರು ಅದಕ್ಕೆ ಹೆಸರನ್ನೇ ಇಟ್ಟಿರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದುದು ಕಣ್ಣು ಮುಚ್ಚದಿರುವುದು. ಮುಖದತ್ತ ಏನೇ ಬಂದರೂ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಹುಟ್ಟಿನಿಂದ ಬಂದ ಈ ಗುಣವನ್ನು ಮಣಿಸಲು ಸಾವಿರ ಹುಸಿಪೆಟ್ಟುಗಳು ಬೇಕು. ಕಣ್ಣು ತೆರೆದಿರುವಂತಾದ ಮೇಲೂ ಇನ್ನೊಂದು ತೊಡಕು ಇದ್ದೇ ಇದೆ. ಎಳೆಯವನ ನೋಟ ಎದುರಾಳಿಯ ಮುಷ್ಟಿಗೆ ಅಂಟಿಕೊಳ್ಳುತ್ತದೆ, ಆ ಮುಷ್ಟಿ ಅವನನ್ನು ಬೇಕಾದೆಡೆಗೆ ಎಳೆದಾಡುತ್ತದೆ. ಪಳಗಿದವನು ಎದೆ-ಭುಜಗಳ ಕಡೆಗೆ ಸಡಿಲವಾಗಿ ನೋಡುತ್ತಿರುತ್ತಾನೆ. ಹೆಗಲು ಮಿಸುಕದೆ ಕೈ ಏಳದೆಂಬುದನ್ನು ಅವನ ಮೈ ಬಲ್ಲುದು.

ಇಷ್ಟೆಲ್ಲವೂ ಅಭ್ಯಾಸಕ್ಕೆ ಒಪ್ಪಿಸಬಹುದಾದುದು. ಅಭ್ಯಾಸಕ್ಕೆ ಒಪ್ಪಿಸಲಾಗದ ಒಂದಂಶ ಉಳಿಯುತ್ತದೆ, ಅದು ನಿಲ್ಲಿಸುವುದು. ಹೊಡೆಯಲು ಕಲಿತ ದೇಹಕ್ಕೆ ಹೊಡೆಯುವುದು ಸುಲಭ. ಒಂದರ ಬೆನ್ನಿಗೆ ಎರಡನೆಯ ಪೆಟ್ಟನ್ನು ಅದು ತಾನೇ ಸಿದ್ಧಪಡಿಸಿಕೊಂಡಿರುತ್ತದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನಗುವ ಜನಕ್ಕೆ, ಗೆಲ್ಲುತ್ತಿರುವ ಜಟ್ಟಿಯ ಸಂಕಟ ತಿಳಿಯದು. ಸೋಲುವವನನ್ನು ಎದುರಾಳಿಯೇ ನಿಲ್ಲಿಸುತ್ತಾನೆ. ಗೆಲ್ಲುವವನು ತನ್ನನ್ನು ತಾನೇ ನಿಲ್ಲಿಸಿಕೊಳ್ಳಬೇಕು. ಅದೂ ಸುತ್ತಲಿನವರು ಕೂಗುತ್ತಿರುವಾಗ, ತನ್ನ ಊರಿನ, ತನ್ನ ಮನೆತನದ ಮಾನ ಆ ಕೈಯಲ್ಲಿರುವಾಗ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನಗಳಲ್ಲಿ ಇದು ತಂದೆಯಿಂದ ಮಗನಿಗೆ ಬಂದ ವಿದ್ಯೆ. ಎದುರಿಗಿರುವವನೂ ಅಂಥದೇ ಮನೆಯ ಮಗ.

ನೆತ್ತರು ಕಂಡೊಡನೆ ಅರಮನೆಯಲ್ಲಿ ವಿಜಯಯಾತ್ರೆಯ ಗಡಿಬಿಡಿ ಆರಂಭವಾಗುತ್ತದೆ. ಶಮೀಪೂಜೆಗೆ ಹೊತ್ತಾಯಿತೆಂದು ಎಲ್ಲರ ಗಮನ ಅತ್ತ ಹರಿಯುತ್ತದೆ. ಅಖಾಡದ ಅಂಚಿನಲ್ಲಿ ಒಬ್ಬನ ನೆತ್ತಿಯನ್ನು ಯಾರೋ ಒರೆಸುತ್ತಿರುತ್ತಾರೆ. ಇನ್ನೊಬ್ಬನ ಮುಷ್ಟಿ ಇನ್ನೂ ಬಿಗಿದೇ ಇರುತ್ತದೆ. ಕಟ್ಟನ್ನು ಬಿಚ್ಚಲು ಬಂದವರು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಗುತ್ತದೆ.